71ರ ವಯಸ್ಸಿನ್ಯಾಗ ಬೀಡಿ ಬಿಡಿಸಿದ್ರ ಜೀವಕ್ಕ ಅಪಾಯ ಐತೇನ್ರಿ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ಸಿಂಧನೂರು ತಾಲೂಕಿನೋರು. ನಮ್ಮ ಮಾವನೋರಿಗೆ 71 ವರ್ಷ, ಹದಿನೆಂಟು ಇಪ್ಪತ್ತರ ವಯಸ್ಸಿನಿಂದ ಬೀಡಿ ಸೇದ್ತಾರ, ಈಗ ದಿನಕ್ಕ ಒಂದು ಕಟ್ಟು ದಾಟ್ತೈತಿ. ಎರಡು ವರ್ಷದ ಹಿಂದ ರಾಯಚೂರಾಗ ತೋರಿಸಿದಾಗ ಸಿಒಪಿಡಿ (ಉಸಿರು ನಾಳ ಕುಗ್ಗಿ ದಮ್ಮು ಹತ್ತೋ ಕಾಯಿಲೆ) ಅಂದ್ರು. ಬಾಯಿಲೆ ಎಳಿಯೋ ಪಂಪ್ ಕೊಟ್ಟಾರ, ದಮ್ಮಿಗೆ ಡೆರಿಫಿಲಿನ್ ಗುಳಿಗಿ ಐತಿ, ಶುಗರಿಗೂ ಗುಳಿಗಿ ತಗೋತಾರ. ಹೋದ ವರ್ಷ ನಮ್ಮ ಅತ್ತಿ ತೀರಿಕೊಂಡ್ರು, ಅವತ್ತಿಂದ ರಾತ್ರಿ ಮೂರಕ್ಕ ಎದ್ದು ಕಟ್ಟಿ ಮ್ಯಾಲೆ ಕುಂತು ಸೇದ್ತಾರ. ನಮ್ಮ ಮನಿಯವ್ರು ಸಿಟ್ಟಿಗೆದ್ದು ಬೀಡಿ ಕಟ್ಟು ಕಸ್ಕೊಂಡು ಬಚ್ಚಲದಾಗ ಹಾಕಿದ್ರು. ನಾಕು ದಿನ ಸೇದ್ಲಿಲ್ಲ, ಆ ನಾಕು ದಿನ ಸಂಡಾಸ ಸರಿ ಆಗ್ಲಿಲ್ಲ, ಕೆಮ್ಮು ಜಾಸ್ತಿ ಆತು, ಒಂದಿನ ಸಣ್ಣ ಹುಡುಗ್ರಂಗ ಅತ್ತುಬಿಟ್ರು. ಐದನೇ ದಿನ ನನ್ನ ಮಗನ ಕೈಲಿ ಅಂಗಡ್ಯಿಂದ ತರಿಸ್ಕೊಂಡು ಸೇದಿದ್ರು. ಓಣ್ಯಾಗಿನ ಹಿರೇರು "ಈ ವಯಸ್ಸಿನ್ಯಾಗ ಬಿಡಿಸಬ್ಯಾಡ್ರಿ, ನಮ್ಮ ಕಾಕಾ ಬೀಡಿ ಬಿಟ್ಟು ಮೂರು ತಿಂಗಳಿಗೆ ಹೋದ" ಅಂತಾರ. ಚಹಾದಾಗ ಗೊತ್ತಾಗ್ದಂಗ ಹಾಕೋ ಪುಡಿ ಬಂದೈತಂತ, ತರಿಸ್ಲೇನ್ರಿ? ಜಗಿಯೋ ಗಮ್ಮೂ ಐತಂತಾರ, ಆದ್ರ ಅವ್ರಿಗೆ ಹಲ್ಲಿನ ಸೆಟ್ಟು ಐತಿ. ಬಿಡಿಸ್ಬೇಕೋ, ಇದ್ದಷ್ಟು ದಿನ ಸೇದ್ಲಿ ಅಂತ ಬಿಟ್ಟುಬಿಡ್ಬೇಕೋ, ನನಗ ತಿಳೀವಲ್ದು.

ಉತ್ತರ: ತಂಗೆಮ್ಮ, ನೀವು ಬರ್ದದ್ದನ್ನ ಎರಡು ಸಲ ಓದಿದೆ. ಬೀಡಿ ಬಿಡಿಸೋದು ಹ್ಯಾಂಗ ಅನ್ನೋದಷ್ಟ ಅಲ್ಲ ನಿಮ್ಮ ಚಿಂತಿ, ಬಿಡಿಸೋಕೆ ಹೋಗಿ ಹಿರೇರಿಗೆ ಏನರ ಆಗಿಬಿಟ್ರ ಆ ಮಾತು ನಮ್ಮ ತಲಿ ಮ್ಯಾಲೆ ಬರ್ತೈತಲ್ಲ ಅನ್ನೋ ಅಂಜಿಕಿ. ಸೊಸಿಗೆ ಈ ಅಂಜಿಕಿ ಹೆಚ್ಚೇ ಇರ್ತೈತಿ, ನಾಳಿಗೆ ಮಂದಿ ಮೊದ್ಲು ಬೆರಳು ತೋರಿಸೋದು ಸೊಸಿ ಕಡಿಗೇ. ನಾನು ರಾಯಚೂರಾಗ ಎದಿ ರೋಗದ ಡಾಕ್ಟ್ರಾಗಿ ಇಪ್ಪತ್ತು ವರ್ಷದ ಮ್ಯಾಲಾತು, ಬೀಡಿ ಸೇದೋ ಹಿರೇರನ್ನ ಕರ್ಕೊಂಡು ಬರೋ ಮನಿಯವ್ರು ಬಾಗಿಲ ಹೊರಗ ನಿಂತು ಮೆಲ್ಲಕ ಕೇಳೋ ಪ್ರಶ್ನೆ ಇದೇ. ಅದಕ್ಕ ಮೊದ್ಲು ಇದನ್ನೇ ಹೇಳ್ತೀನಿ: ಬೀಡಿ ಬಿಟ್ಟಿದ್ದಕ್ಕ ಯಾರ ಜೀವಾನೂ ಹೋಗಂಗಿಲ್ಲ. ಆದ್ರ ಬಿಟ್ಟ ಮೊದಲ ಎರಡು ಮೂರು ವಾರದಾಗ ನಾವು ಡಾಕ್ಟ್ರು, ಮನಿಯವ್ರು ನೋಡ್ಕೋಬೇಕಾದ ಒಂದೆರಡು ವಿಷಯ ಅದಾವ, ಅವನ್ನ ನೋಡ್ಕೊಳ್ದೇ ಇದ್ದಾಗ ತೊಂದರಿ ಆಗಿ ಅದು ಬೀಡಿ ಬಿಟ್ಟಿದ್ದರ ಲೆಕ್ಕಕ್ಕ ಹೋಗ್ತೈತಿ.

ಆ ಕಾಕಾನ ವಿಷಯ. ಹೇಳಿದ ಹಿರೇರು ಸುಳ್ಳು ಹೇಳ್ಲಿಲ್ಲ, ಅವ್ರು ಕಣ್ಣಾರೆ ಕಂಡದ್ದೇ ಹೇಳ್ಯಾರ. ಆದ್ರ ಕಾಕಾ ಯಾಕ ಬಿಟ್ಟ ಅಂತ ಒಂದು ಮಾತು ಕೇಳಿ ನೋಡ್ರಿ. ಐವತ್ತು ವರ್ಷ ಸೇದಿದ ಮನುಷ್ಯ ಯಾರೂ ಹೇಳ್ದೇನೇ ಒಂದಿನ ಬೀಡಿ ಸಾಕು ಅಂತ ಇಟ್ಟುಬಿಟ್ರ ಬಹಳ ಸಲ ಅದು ಮನಸ್ಸು ಮಾಡಿದ್ದಲ್ಲ, ದೇಹ ಮಾಡಿದ್ದು. ಬಾಯಿ ರುಚಿ ಕೆಟ್ಟಿರ್ತೈತಿ, ಹೊಗಿ ಎಳಿಯೋಷ್ಟು ಉಸಿರು ಉಳಿದಿರಂಗಿಲ್ಲ, ಒಳಗ ಕ್ಯಾನ್ಸರೋ ಟಿಬಿನೋ ಹಾರ್ಟಿನ ತೊಂದರಿನೋ ಆಗ್ಲೇ ಬಲಿತಿರ್ತೈತಿ. ಕಾಯಿಲೆ ಮೊದ್ಲು ಬಂತು, ಆ ಕಾಯಿಲೆ ಬೀಡಿ ಬಿಡಿಸ್ತು, ಆಮ್ಯಾಲೆ ಅದೇ ಕಾಯಿಲೆ ಮನುಷ್ಯನ್ನೂ ಒಯ್ತು, ಓಣ್ಯಾಗಿನ ಮಂದಿಗೆ ಕಂಡದ್ದು ನಡುವಿನ ಒಂದು ಸಂಗತಿ ಅಷ್ಟ. ಇದರಿಂದ ನಾವು ಕಲಿಯೋದು ಬ್ಯಾರೆನೇ ಐತಿ. ಮನ್ಯಾಗ ಸೇದೋ ಹಿರೇರಿಗೆ ತಾನಾಗೇ ಬೀಡಿ ಬ್ಯಾಡಾತು, ಊಟಾನೂ ಸೇರವಲ್ದು, ತೂಕ ಇಳೀತು ಅಂದ್ರ ಸಂತೋಷ ಪಡಬ್ಯಾಡ್ರಿ, ಆ ವಾರದಾಗೇ ಎದಿ ಎಕ್ಸ್-ರೇ ತಗ್ಸಿ ಕಫ ಪರೀಕ್ಷೆ ಮಾಡಿಸ್ರಿ.

ಇನ್ನೊಂದು ಗೊಂದಲ ನಮ್ಮ ಕಡಿ ಐತಿ. ದಿನಾ ಸೆರೆ ಕುಡಿಯೋರು ಒಮ್ಮಿಂದೊಮ್ಮೆ ನಿಲ್ಲಿಸಿದ್ರ ಕೈಕಾಲು ನಡುಗಿ, ಫಿಟ್ಸ್ ಬಂದು, ಬುದ್ಧಿ ಅದಲುಬದಲಾಗಿ ಜೀವಕ್ಕ ಅಪಾಯ ಆಗೋದು ಖರೇನೇ, ಅದನ್ನ ದವಾಖಾನ್ಯಾಗೇ ಬಿಡಿಸ್ಬೇಕು. ಮಂದಿ ಅದನ್ನ ನೋಡಿ ಬೀಡಿಗೂ ಅದೇ ಲೆಕ್ಕ ಹಾಕ್ತಾರ. ಬೀಡ್ಯಾಗಿನ ಚಟ ಹಿಡಿಸೋ ನಿಕೋಟಿನ್ ಹಂಗಲ್ಲ. ಒಮ್ಮಿಗೇ ನಿಲ್ಲಿಸಿದ್ರ ಸಂಕಟ ಆಗ್ತೈತಿ, ಬಹಳೇ ಸಂಕಟ, ಆದ್ರ ಅದು ಪ್ರಾಣ ತಗಿಯೋ ಸಂಕಟ ಅಲ್ಲ. ನಿಮ್ಮ ಮಾವನೋರು ಬೀಡಿ ಜೊತಿಗೆ ದಿನಾ ಕುಡೀತಾರೋ ಇಲ್ಲೋ ಅಂತ ನೀವು ಬರ್ದಿಲ್ಲ, ಕುಡಿಯೋರಾದ್ರ ಡಾಕ್ಟ್ರ ಮುಂದ ಮುಚ್ಚಿಡಬ್ಯಾಡ್ರಿ, ಯಾಕಂದ್ರ ಎರಡನ್ನೂ ಒಟ್ಟಿಗೆ ಬಿಡಿಸೋ ದಾರಿ ಬ್ಯಾರೆ.

ಈಗ "ಇಷ್ಟು ವಯಸ್ಸಾದ ಮ್ಯಾಲೆ ಬಿಟ್ಟು ಏನು ಫಾಯ್ದೆ" ಅನ್ನೋದು. ಬ್ರಿಟನ್ನಿನ್ಯಾಗ ರಿಚರ್ಡ್ ಡಾಲ್ ಅನ್ನೋರು 1951ರಿಂದ ಅಲ್ಲಿನ ಗಂಡಸು ಡಾಕ್ಟ್ರುಗಳನ್ನೇ, 34 ಸಾವಿರದ ಮ್ಯಾಲೆ ಮಂದಿನ, ಐವತ್ತು ವರ್ಷ ಹಿಂಬಾಲಿಸಿ ಲೆಕ್ಕ ಇಟ್ರು. 2004ರಾಗ ಬಂದ ಫಲಿತಾಂಶ ಏನಂದ್ರ ಜೀವನಪೂರ್ತಿ ಸೇದಿದೋರು ಸೇದದೇ ಇದ್ದೋರಿಗಿಂತ ಸರಾಸರಿ 10 ವರ್ಷ ಮೊದ್ಲು ಹೋದ್ರು, 60ರಾಗ ಬಿಟ್ಟೋರು ಅದರಾಗ 3 ವರ್ಷ ವಾಪಸ್ ಪಡ್ಕೊಂಡ್ರು. 71ಕ್ಕ ಆ ಲೆಕ್ಕ ಇನ್ನೂ ಸಣ್ಣದಾಗ್ತೈತಿ, ಅದನ್ನ ನಾನು ದೊಡ್ಡದು ಮಾಡಿ ಹೇಳಂಗಿಲ್ಲ. ಆದ್ರ ಸಿಒಪಿಡಿ ಇದ್ದೋರಿಗೆ ವರ್ಷಕ್ಕಿಂತ ಉಸಿರಿನ ಲೆಕ್ಕ ಮುಖ್ಯ. ವಯಸ್ಸಾದಂಗ ಎಲ್ಲಾರ ಪುಪ್ಪಸದ ಶಕ್ತಿನೂ (ಜೋರಾಗಿ ಊದಿದ್ರ ಒಂದು ಸೆಕೆಂಡಿನ್ಯಾಗ ಹೊರಗ ಬರೋ ಗಾಳಿ) ವರ್ಷಕ್ಕ ಸುಮಾರು 30 ಮಿಲೀ ಕಮ್ಮಿ ಆಗ್ತೈತಿ, ಹೊಗಿ ತಡಕೊಳ್ಳದ ಪುಪ್ಪಸ ಇದ್ದು ಸೇದೋರಿಗೆ ಅದು ಎರಡರಷ್ಟು ಆಗ್ತೈತಿ. ಬೀಡಿ ಬಿಟ್ರ ಹೋದದ್ದು ವಾಪಸ್ ಬರಂಗಿಲ್ಲ, ಇದನ್ನ ಸ್ಪಷ್ಟ ಹೇಳ್ತೀನಿ, ಆದ್ರ ಮುಂದ ಹೋಗೋದು ನಿಧಾನ ಆಗ್ತೈತಿ. ಮನಿ ಭಾಷೆಯಾಗ ಹೇಳ್ಬೇಕಂದ್ರ ಇವತ್ತು ಕಟ್ಟಿಯಿಂದ ಗುಡಿ ತನಕ ನಡೆಯೋ ಶಕ್ತಿ ಐತಲ್ಲ, ಅದು ಮುಂದಿನ ನಾಕೈದು ವರ್ಷನೂ ಇರ್ತೈತೋ ಅಥವಾ ಬಚ್ಚಲಕ್ಕ ಹೋಗೋಕೂ ಕೈ ಹಿಡೀಬೇಕಾಗ್ತೈತೋ ಅನ್ನೋದು ಇದರ ಮ್ಯಾಲೆ ನಿಂತೈತಿ. ಬಿಟ್ಟ ಒಂದೆರಡು ದಿನದಾಗೇ ರಕ್ತದಾಗಿನ ಕಾರ್ಬನ್ ಮಾನಾಕ್ಸೈಡ್ ಇಳೀತೈತಿ, ಒಂದು ವರ್ಷದಾಗ ಹಾರ್ಟ್ ಅಟ್ಯಾಕಿನ ಹೆಚ್ಚುವರಿ ಅಪಾಯ ಹತ್ರ ಹತ್ರ ಅರ್ಧಕ್ಕ ಬರ್ತೈತಿ, ಶುಗರ್ ಇರೋ ಮನುಷ್ಯಾಗ ಇದು ಸಣ್ಣ ಮಾತಲ್ಲ.

"ಬೀಡಿ ಅಂದ್ರ ಎಲಿ, ಸಿಗರೇಟಿನಂಗಲ್ಲ" ಅಂತ ಅವ್ರು ಅಂದಿರಬಹುದು, ಎಲ್ಲಾರೂ ಅಂತಾರ. ಒಂದು ಬೀಡ್ಯಾಗ ಸಿಗರೇಟಿಗಿಂತ ಬಹಳ ಕಮ್ಮಿ ತಂಬಾಕು ಇರೋದು ಖರೆ. ಆದ್ರ ಸೇದೋರ ಪಕ್ಕ ಕುಂತು ಒಂದು ಬೀಡಿ ಮುಗಿಯೋ ತನಕ ನೋಡ್ರಿ. ಎಳಿಯೋದು ಬಿಟ್ರ ಆರ್ತೈತಿ, ಅದಕ್ಕ ಸಿಗರೇಟಿಗಿಂತ ಹೆಚ್ಚು ಸಲ, ಗಲ್ಲ ಒಳಗ ಹೋಗೋ ಹಂಗ ಜೋರಾಗಿ ಎಳೀಬೇಕು, ಬೀಡಿ ಸುತ್ತೋ ಆ ತುಪ್ರಿ ಎಲಿಯಾಗ ಗಾಳಿ ಆಡಂಗಿಲ್ಲ, ತುದಿಗೆ ಫಿಲ್ಟರಿಲ್ಲ. ಹಿಂಗಾಗಿ ಟಾರು, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಮೂರೂ ಸಿಗರೇಟಿನಷ್ಟು, ಬಹಳ ಸಲ ಅದಕ್ಕಿಂತ ಹೆಚ್ಚೇ ಒಳಗ ಹೋಗ್ತಾವ. ದಿನಕ್ಕ 25 ಅಂತ ಹಿಡಿದ್ರೂ 52 ವರ್ಷಕ್ಕ ನಾಕೂವರಿ ಲಕ್ಷ ಬೀಡಿ ದಾಟ್ತಾವ.

ಆ ನಾಕು ದಿನದ ಕಥಿಗೆ ಬರೋಣ, ಯಾಕಂದ್ರ ನಿಮ್ಮ ಪ್ರಶ್ನೆಯಾಗ ನನಗ ಬಹಳ ಮುಖ್ಯ ಅನ್ಸಿದ್ದು ಅದೇ. ಹೊಗಿ ಎಳದ 10ರಿಂದ 20 ಸೆಕೆಂಡಿನ್ಯಾಗ ನಿಕೋಟಿನ್ ಮಿದುಳು ಮುಟ್ತೈತಿ, ಅಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗಿ ಜೀವಕ್ಕ ಹಾಯ್ ಅನಿಸ್ತೈತಿ. ಎರಡು ತಾಸಿಗೆ ರಕ್ತದಾಗಿನ ನಿಕೋಟಿನ್ ಅರ್ಧಕ್ಕ ಇಳೀತೈತಿ, ಮಿದುಳು ಮತ್ತ ಕೇಳ್ತೈತಿ. ವರ್ಷಗಟ್ಲೆ ಹಿಂಗ ನಡದ್ರ ನಿಕೋಟಿನ್ ಹಿಡ್ಕೊಳ್ಳೋ ಜಾಗಗಳೇ ಮಿದುಳಿನ್ಯಾಗ ಹೆಚ್ಚಾಗ್ತಾವ. ಅವರು "ಬೀಡಿ ಸೇದಿದ್ರ ತಲಿ ಹಗರ ಆಗ್ತೈತಿ" ಅಂತಾರಲ್ಲ, ಆ ತಲಿಭಾರ ತಂದದ್ದೂ ಬೀಡಿನೇ, ಎರಡು ತಾಸಿನ ಹಿಂದ ಸೇದಿದ ಬೀಡಿ ಇಳಿದಿದ್ದಕ್ಕ. ನಿಲ್ಲಿಸಿದಾಗ ಸಿಟ್ಟು, ಅಳು, ನಿದ್ದಿಗೇಡು, ಎಲ್ಲೂ ಕುಂದ್ರಲಾರದಂಗ ಚಡಪಡಿಕಿ, ಇವೆಲ್ಲಾ ಮೊದಲ ಎರಡು ಮೂರು ದಿನ ಜೋರಾಗಿದ್ದು, ಆಮ್ಯಾಲೆ ಇಳಕೋತ ಎರಡರಿಂದ ನಾಕು ವಾರದಾಗ ಬಹುಪಾಲು ಹೋಗ್ತಾವ. ಅಂದ್ರ ನಿಮ್ಮ ಮಾವನೋರು ನಾಕು ದಿನ ತಡದಾಗ ಅತೀ ಕಷ್ಟದ ಏರು ಹತ್ತಿ ಆಗಿತ್ತು, ಇಳಿಯೋ ಹೊತ್ತಿಗೆ ವಾಪಸ್ ತಿರುಗ್ಯಾರ. ಅದೂ ಯಾವ ಔಷಧಿ ಇಲ್ದೇ, ಹೇಳದೇ ಕೇಳದೇ ಕಟ್ಟು ಕಸ್ಕೊಂಡಾಗ. ನನ್ನ ಕೇಳಿದ್ರ ಅವರ ಮನಸ್ಸು ಗಟ್ಟಿನೇ ಐತಿ. ಯಾವ ಸಹಾಯನೂ ಇಲ್ದೇ ಬಿಡೋಕೆ ಹೋದ 100 ಮಂದಿಯಾಗ ವರ್ಷದ ಮ್ಯಾಲೂ ಬಿಟ್ಟೇ ಇರೋರು 3ರಿಂದ 5 ಮಂದಿ ಅಷ್ಟ, ಈ ಲೆಕ್ಕ ಅವರ ಮುಂದೂ ಹೇಳ್ರಿ, ಸೋತೆ ಅನ್ನೋ ನಾಚಿಕಿ ಇಳೀಲಿ.

ಸಂಡಾಸದ ವಿಷಯ ಮಂದಿ ಹೇಳ್ಕೊಳ್ಳೋಕೆ ನಾಚ್ಕೋತಾರ, ಆದ್ರ ನಮ್ಮ ಕಡಿ ಹಿರೇರು ವಾಪಸ್ ಬೀಡಿಗೆ ಬರೋದಕ್ಕ ಇದೇ ದೊಡ್ಡ ಕಾರಣ. ನಿಕೋಟಿನ್ ಕರುಳನ್ನ ಎಬ್ಬಿಸ್ತೈತಿ, ಬೆಳಿಗ್ಗೆ ಚಹಾ ಕುಡದು ಬೀಡಿ ಹಚ್ಚಿದ್ರೇ ಹೊಟ್ಟಿ ಹೋಗೋದು ಅನ್ನೋದು ಭ್ರಮೆ ಅಲ್ಲ. ಬಿಟ್ಟಾಗ ಕರುಳು ಸ್ವಲ್ಪ ದಿನ ಮಂದ ಆಗ್ತೈತಿ. ಇದನ್ನ ಮೊದ್ಲೇ ಹಿಸಾಬು ಹಾಕಿ, ಬಿಡೋಕೆ ಎರಡು ದಿನ ಮುಂಚಿಂದನೇ ರಾತ್ರಿ ಒಂದು ಚಮಚ ಇಸಬ್ಗೋಲ್ ತುಂಬಿದ ಲೋಟ ನೀರಾಗ, ಬೆಳಿಗ್ಗೆ ಎದ್ದ ಕೂಡ್ಲೇ ಬೆಚ್ಚನ ನೀರು, ಊಟಕ್ಕ ಅನ್ನ ಕಮ್ಮಿ ಮಾಡಿ ಜೋಳದ ರೊಟ್ಟಿ, ಮೆಂತ್ಯ ಪುಂಡಿಪಲ್ಯ. ಸಾಲದಿದ್ರ ಡಾಕ್ಟ್ರನ್ನ ಕೇಳಿ ಒಂದು ಸಿರಪ್ಪು. ಕೆಮ್ಮು ಹೆಚ್ಚಾತು ಅಂದ್ರಲ್ಲ, ಅದೂ ಅರ್ಥ ಆಗೋ ಮಾತೇ. ಉಸಿರು ನಾಳದ ಒಳಗ ಕಫ ಮ್ಯಾಲಕ್ಕ ದೂಡೋ ಸಣ್ಣ ಸಣ್ಣ ಕೂದಲು ಇರ್ತಾವ, ಹೊಗಿಗೆ ಅವು ಸೋತು ಮಲಗಿರ್ತಾವ, ಹೊಗಿ ನಿಂತಾಗ ಮತ್ತ ಕೆಲಸಕ್ಕ ಎದ್ದು ಒಳಗಿನ ಕಸ ಹೊರಗ ಹಾಕ್ತಾವ. ಕೆಲವ್ರಿಗೆ ಕೆಲವು ವಾರ ಕೆಮ್ಮು ಕಫ ಜಾಸ್ತಿ ಇರ್ತೈತಿ. ಆದ್ರ ಕಫದಾಗ ರಕ್ತ, ಸಂಜಿ ಜ್ವರ, ತೂಕ ಇಳಿಯೋದು, ದನಿ ಒಡಕಾಗಿ ವಾಪಸ್ ಬರದೇ ಇರೋದು, ಇವು ಯಾವುದೇ ಇದ್ರ ಅದನ್ನ ಬೀಡಿ ಬಿಟ್ಟ ಕೆಮ್ಮು ಅಂತ ಸಮಾಧಾನ ಮಾಡ್ಕೋಬ್ಯಾಡ್ರಿ. ಸೇದೋರಿಗೆ ಟಿಬಿ ಬರೋದೂ ಹೆಚ್ಚು.

ಈಗ ನಾನು ಮೊದ್ಲು ಹೇಳಿದ "ನೋಡ್ಕೋಬೇಕಾದ ವಿಷಯ". ನಿಮ್ಮ ಪ್ರಶ್ನೆಯಾಗ ಡೆರಿಫಿಲಿನ್ ಅನ್ನೋ ಒಂದು ಶಬ್ದ ಓದಿದ ಕೂಡ್ಲೇ ನನಗ ಒಬ್ಬ ಯಜಮಾನ್ರು ನೆನಪಾದ್ರು. ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸ್ತು, ಹತ್ತಿ ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡಿ ಮಾಡಿ ಬೆನ್ನು ಬಾಗಿದ ಮನುಷ್ಯ, 68 ವರ್ಷ, ನನ್ನ ಮಾತಿಗೆ ಬೆಲೆ ಕೊಟ್ಟು ಒಂದೇ ದಿನಕ್ಕ ಬೀಡಿ ಬಿಟ್ರು. ಎಂಟು ದಿನಕ್ಕ ರಾತ್ರಿ ಹನ್ನೊಂದಕ್ಕ ಆಟೋದಾಗ ಹಾಕ್ಕೊಂಡು ಬಂದ್ರು. ಕೈ ಗಡಗಡ ನಡುಗ್ತಿದ್ದು, ನಾಡಿ ಎಣಿಸಲಾರದಷ್ಟು ಜೋರು, ಸಂಜಿಯಿಂದ ವಾಂತಿ. ಮಗ ಅಂಗಿ ಕಿಸೆಯಿಂದ ಬೀಡಿ ತಗದು "ಸಾಹೇಬ್ರೇ, ಒಂದೇ ಒಂದು ಸೇದಿಸ್ಲೇನ್ರಿ, ಬಿಟ್ಟಿದ್ದಕ್ಕೇ ಹಿಂಗಾಗೈತಿ" ಅಂದ. ಅದು ಬೀಡಿ ಬಿಟ್ಟ ಸಂಕಟ ಅಲ್ಲ, ಡೆರಿಫಿಲಿನ್ ಗುಳಿಗ್ಯಾಗ ಇರೋ ಥಿಯೋಫಿಲಿನ್ ಅನ್ನೋ ಔಷಧಿ ರಕ್ತದಾಗ ಹೆಚ್ಚಾಗಿತ್ತು. ಹೊಗ್ಯಾಗಿನ ಟಾರು ಲಿವರನ್ನ ಎಬ್ಬಿಸಿ ಈ ಔಷಧಿನ ಜಲ್ದಿ ಜಲ್ದಿ ಕರಗಿಸ್ತಿರ್ತೈತಿ, ಅದಕ್ಕ ಸೇದೋರಿಗೆ ಡೋಸು ಹೆಚ್ಚು ಬೇಕಾಗ್ತೈತಿ. ಹೊಗಿ ನಿಂತ ಮ್ಯಾಲೆ ಲಿವರು ತನ್ನ ಮಾಮೂಲಿ ವೇಗಕ್ಕ ಬರ್ತೈತಿ, ಅದೇ ಗುಳಿಗಿ ಅಷ್ಟೇ ತಗೊಂಡ್ರ ರಕ್ತದಾಗ ಏರಕೋತ ಹೋಗ್ತೈತಿ. ನಾನು ಬೀಡಿ ಬಿಡ್ರಿ ಅಂದೆ, ಗುಳಿಗಿ ಕಮ್ಮಿ ಮಾಡ್ಲಿಲ್ಲ. ತಪ್ಪು ನಂದು. ಅವರು ಉಳಿದ್ರು, ಆದ್ರ ಮನಿಗೆ ಹೋಗಿ ಮತ್ತ ಬೀಡಿ ಹಚ್ಚಿದ್ರು, ಆ ಓಣ್ಯಾಗ ಎಷ್ಟು ಮಂದಿ ಅವರ ಕಥಿ ಕೇಳಿ ಅಂಜಿ ಸೇದ್ಕೋತ ಉಳಿದ್ರೋ ಏನೋ.

ಅದಕ್ಕ ತಂಗೆಮ್ಮ, ಬಿಡೋ ದಿನ ಗೊತ್ತು ಮಾಡೋಕೆ ಮುಂಚೆ ಡೆರಿಫಿಲಿನ್ ಚೀಟಿ ಬರ್ದ ಡಾಕ್ಟ್ರಿಗೆ ಹೇಳ್ರಿ. ಸಾಮಾನ್ಯವಾಗಿ ಬಿಟ್ಟ ಮೊದಲ ವಾರದಾಗ ಡೋಸು ಕಾಲು ಭಾಗದಿಂದ ಮೂರನೇ ಒಂದು ಭಾಗ ಇಳಿಸ್ತೀವಿ, ಕೆಲವ್ರಿಗೆ ಪಂಪು ಸರಿಯಾಗಿ ತಗೊಂಡ್ರ ಆ ಗುಳಿಗಿನೇ ಬೇಕಾಗಂಗಿಲ್ಲ. ನೀವಾಗೇ ನಿಲ್ಲಿಸಬ್ಯಾಡ್ರಿ. ಬೀಡಿ ಬದ್ಲಿಗೆ ನಿಕೋಟಿನ್ ಗಮ್ಮು, ಮೈಗೆ ಹಚ್ಚೋ ನಿಕೋಟಿನ್ ಪಟ್ಟಿ ತಗೊಂಡ್ರೂ ಇದು ಆಗೇ ಆಗ್ತೈತಿ, ಯಾಕಂದ್ರ ಕಾರಣ ನಿಕೋಟಿನ್ ಅಲ್ಲ, ಹೊಗಿ. ಚಹಾ ಕಾಫಿದೂ ಅದೇ ಕಥಿ, ಮೊದ್ಲು ಆರು ಕಪ್ ಕುಡದ್ರೂ ತಡೀತಿದ್ದ ದೇಹಕ್ಕ ಈಗ ಮೂರು ಕಪ್ಪೇ ಆರರಷ್ಟು ಆಗ್ತೈತಿ, ಎದಿ ಡವಡವ, ನಿದ್ದಿ ಇಲ್ಲ. ಚಹಾ ಅರ್ಧಕ್ಕ ಇಳಿಸ್ರಿ, ಸಂಜಿ ಐದರ ಮ್ಯಾಲೆ ಬ್ಯಾಡ. ಶುಗರು ಎರಡೂ ಕಡಿ ಹೋಗಬಹುದು, ಬೀಡಿ ನಿಂತಾಗ ಇನ್ಸುಲಿನ್ ಚಲೋ ಕೆಲಸ ಮಾಡಿ ಇಳೀಬಹುದು, ಬಾಯಿ ರುಚಿ ಬಂದು ತಿನ್ನೋದು ಹೆಚ್ಚಾಗಿ ಏರಬಹುದು, ಮೊದಲ ತಿಂಗಳು ವಾರಕ್ಕ ಒಂದೆರಡು ಸಲ ಚೆಕ್ ಮಾಡಿಸ್ರಿ. ಮನಸ್ಸಿನ ಕಾಯಿಲೆಗೆ ಓಲಾಂಜಪಿನ್, ಕ್ಲೋಜಪಿನ್ ತಗೊಳ್ಳೋ ಮನಿಯವ್ರು ಇದನ್ನ ಓದ್ತಿದ್ರ ನಿಮಗೂ ಇದೇ ಮಾತು, ಡಾಕ್ಟ್ರಿಗೆ ಹೇಳಿನೇ ಬಿಡಿಸ್ರಿ.

ದಾರಿಗಳು ಏನೇನು ಅದಾವ ಅಂದ್ರ, ಇದ್ದಂಗ ಬಿಟ್ಟುಬಿಡೋದು ಒಂದು. ನೀವು ಅದನ್ನ ಕೇಳಿದ್ದಕ್ಕ ನಾನು ಬೈಯಂಗಿಲ್ಲ, ದಣಿದ ಮನಿಯವ್ರು ಕೇಳೇ ಕೇಳ್ತಾರ. ಆದ್ರ ಅದರ ಬೆಲೆ ಗೊತ್ತಿರಲಿ. ವರ್ಷಾ ವರ್ಷ ದೀಪಾವಳಿಯಿಂದ ಸಂಕ್ರಾಂತಿ ತನಕ, ನಿಮ್ಮ ಕಡಿ ನೆಲ್ಲು ಕೊಯ್ದು ಹುಲ್ಲಿಗೆ ಬೆಂಕಿ ಹಚ್ಚೋ ಹೊತ್ತಿಗೆ, ದಮ್ಮು ಹೆಚ್ಚಾಗಿ ಅಡ್ಮಿಟ್ ಆಗೋದು ನೋಡ್ತೀರಿ, ಪ್ರತಿ ಸಲ ಅಡ್ಮಿಟ್ ಆದಾಗ ಸ್ವಲ್ಪ ಶಕ್ತಿ ದವಾಖಾನ್ಯಾಗೇ ಬಿಟ್ಟು ಬರ್ತಾರ. ಕೊನಿಗೆ ಮನ್ಯಾಗ ಆಕ್ಸಿಜನ್ ಮಷಿನ್ ಬರ್ತೈತಿ. ಆಕ್ಸಿಜನ್ ನಳಿಗಿ ಮೂಗಿನ್ಯಾಗ ಇಟ್ಕೊಂಡೇ ಬೀಡಿ ಹಚ್ಚಿ ಮೀಸಿ, ಮೂಗು, ತುಟಿ ಸುಟ್ಕೊಂಡು ನಳಿಗಿ ಕರಗಿ ಗಲ್ಲಕ್ಕ ಅಂಟಿದ್ದನ್ನ ನಾನು ನೋಡೀನಿ. ಈಗ್ಲೂ ಅವ್ರ ಕೌದಿ ಒಮ್ಮೆ ಬಿಚ್ಚಿ ನೋಡ್ರಿ, ಬೀಡಿ ಕೆಂಡ ಬಿದ್ದ ಕರಿ ತೂತು ಎಷ್ಟದಾವ ಅಂತ, ರಾತ್ರಿ ಮೂರಕ್ಕ ನಿದ್ದಿಗಣ್ಣಿನ್ಯಾಗ ಸೇದೋರ ಮನ್ಯಾಗ ನಾನು ಮೊದ್ಲು ಅಂಜೋದು ಇದಕ್ಕ.

ಕಸ್ಕೊಳ್ಳೋದು ಇನ್ನೊಂದು, ಅದರ ಫಲ ನೀವೇ ಕಂಡೀರಿ. ಮಗ ಅಪ್ಪನ ಕೈಯಿಂದ ಬೀಡಿ ಕಸ್ಕೊಂಡ್ರ ಅಪ್ಪಗ ಬೀಡಿಗಿಂತ ಮರ್ಯಾದಿ ಹೋದದ್ದು ದೊಡ್ಡದಾಗ್ತೈತಿ, ಆಮ್ಯಾಲೆ ದನದ ಕೊಟಗಿ ಹಿಂದ ಕದ್ದು ಸೇದೋದು ಶುರು. ಕಮ್ಮಿ ಮಾಡೋದು ಮೂರನೇದು. ಬರೇ ಲೆಕ್ಕ ಕಮ್ಮಿ ಮಾಡಿದ್ರ ಉಳದ ಬೀಡಿನ ಇನ್ನೂ ಆಳಕ್ಕ ಎಳೀತಾರ, ಅಷ್ಟೇ ನಿಕೋಟಿನ್ ಹಿಂಡ್ಕೋತಾರ. ಒಮ್ಮಿಗೇ ಬಿಡೋಕೆ ಒಪ್ಪದೇ ಇದ್ದೋರಿಗೆ ಗಮ್ಮೋ ಪಟ್ಟಿನೋ ಕೊಟ್ಕೋತ ಬೀಡಿ ಇಳಿಸಿ, ಬಿಡೋ ತಾರೀಖು ಗೊತ್ತು ಮಾಡೋದು ನಡೀತೈತಿ.

ನಾನು ನಿಮ್ಮ ಮಾವನೋರಿಗೆ ಹೇಳೋದು ನಿಕೋಟಿನ್ ಬದಲಿ ಔಷಧಿನ. ವಿಷ ಇರೋದು ಮುಖ್ಯವಾಗಿ ಹೊಗ್ಯಾಗ, 7,000ದ ಮ್ಯಾಲೆ ರಾಸಾಯನಿಕ ಇರೋ ಹೊಗಿ ಅದು. ಹೊಗಿ ನಿಲ್ಲಿಸಿ, ಮಿದುಳಿಗೆ ಬೇಕಾದ ನಿಕೋಟಿನ್ ಸ್ವಲ್ಪ ಸ್ವಲ್ಪ ಬ್ಯಾರೆ ದಾರಿಲೇ ಕೊಟ್ಟು, 8ರಿಂದ 12 ವಾರದಾಗ ಅದನ್ನೂ ಇಳಿಸೋದು. ಗಮ್ಮು 2 ಮತ್ತ 4 ಮಿಲಿಗ್ರಾಮಿಂದು ಬರ್ತೈತಿ, 2ರದು ಮೆಡಿಕಲ್ ಶಾಪಿನ್ಯಾಗ ಚೀಟಿ ಇಲ್ದೇ ಸಿಗ್ತೈತಿ. ಎದ್ದ ಅರ್ಧ ತಾಸಿನ್ಯಾಗ ಬೀಡಿ ಬೇಕೇ ಬೇಕು ಅನ್ನೋರಿಗೆ 4ರದು, ಮಾವನೋರು ರಾತ್ರಿ ಎದ್ದು ಸೇದ್ತಾರಂದ್ರ ಅವರದ್ದು ಗಟ್ಟಿ ಚಟಾನೇ. ಮಂದಿ ಗಮ್ಮನ್ನ ಬಬಲ್‌ಗಮ್ ಜಗದಂಗ ಜಗದು ರಸ ನುಂಗಿ, ಬಿಕ್ಕಳಿಕಿ ಎದಿ ಉರಿ ಬಂದು ಬಿಟ್ಟುಬಿಡ್ತಾರ. ನಾಕೈದು ಸಲ ಕಚ್ಚಿದ್ರ ನಾಲಗಿಗೆ ಘಾಟು ಹತ್ತೈತಿ, ಆಗ ಎಲಿ ಅಡಿಕಿ ಉಂಡಿ ಇಟ್ಕೊಂಡಂಗ ಗಲ್ಲದ ಸಂದಿಗೆ ಒತ್ತಿ ಸುಮ್ನ ಇರ್ಬೇಕು, ಘಾಟು ಇಳದ್ರ ಮತ್ತ ಎರಡು ಸಲ ಕಚ್ಚಿ ಈ ಕಡಿ ಗಲ್ಲಕ್ಕ, ಹಿಂಗ ಅರ್ಧ ತಾಸು. ಅದಕ್ಕಿಂತ ಕಾಲು ತಾಸು ಮುಂಚೆ ಚಹಾ, ಲಿಂಬು ಪಾನಕ ಕುಡಿದಿರಬಾರ್ದು, ಹುಳಿ ಬಾಯಾಗ ನಿಕೋಟಿನ್ ಹೀರ್ಕೊಳ್ಳಂಗಿಲ್ಲ.

ಆದ್ರ ಹಲ್ಲಿನ ಸೆಟ್ಟಿಗೆ ಗಮ್ಮು ಅಂಟ್ತೈತಿ, ಸೆಟ್ಟು ಕಿತ್ತು ಬರ್ತೈತಿ, ನಿಮ್ಮ ಅನುಮಾನ ಸರಿ ಐತಿ. ಅವರಿಗೆ ಚೀಪೋ ನಿಕೋಟಿನ್ ಗುಳಿಗಿ ಇಲ್ಲಾ ಮೈಗೆ ಹಚ್ಚೋ ಪಟ್ಟಿ ಚಲೋ. ಪಟ್ಟಿ ನಮ್ಮ ಕಡಿ ಎಲ್ಲಾ ಅಂಗಡ್ಯಾಗ ಇಡಂಗಿಲ್ಲ, ಹೇಳಿ ತರಿಸ್ಬೇಕಾಗ್ತೈತಿ. ಜಳಕ ಆದ ಮ್ಯಾಲೆ ರಟ್ಟಿ ಮ್ಯಾಲೋ ಬೆನ್ನ ಮ್ಯಾಲೋ ಒಣಗಿದ ಜಾಗಕ್ಕ ಹಚ್ಚಿ ದಿನಾ ಜಾಗ ಬದಲಿಸ್ಬೇಕು, ನಮ್ಮ ಬ್ಯಾಸಗಿ 40 ಡಿಗ್ರಿ ದಾಟಿದಾಗ ಬೆವರಿಗೆ ಕಿತ್ತು ಬರ್ತೈತಿ, ಮ್ಯಾಲೊಂದು ಪ್ಲಾಸ್ಟರ್ ಒತ್ತಿದ್ರ ನಡೀತೈತಿ. ಕೆಲವ್ರಿಗೆ ಕಡಿತ, ಕೆಟ್ಟ ಕನಸು ಬರ್ತಾವ, ಅಂಥವ್ರು ರಾತ್ರಿ ತಗದಿಟ್ರ ಆತು. ಪಟ್ಟಿ ದಿನಪೂರ್ತಿ, ತಡಿಲಾರದಂಗ ಆದಾಗ ಮ್ಯಾಲೊಂದು ಚೀಪೋ ಗುಳಿಗಿ, ಎರಡೂ ಕೂಡಿದ್ರ ಒಂದಕ್ಕಿಂತ ಹೆಚ್ಚು ಫಲ. "ಹಾರ್ಟಿಗೆ ಕೆಟ್ಟದ್ದಲ್ಲೇನ್ರಿ" ಅಂತ ಕೇಳ್ತಾರ. ಎರಡು ವಾರದ ಒಳಗ ಹಾರ್ಟ್ ಅಟ್ಯಾಕ್ ಆಗಿದ್ರ, ಎದಿ ನೋವು ದಿನಾ ದಿನಾ ಹೆಚ್ಚಾಗ್ತಿದ್ರ, ಎದಿ ಬಡಿತ ಬಹಳ ಏರುಪೇರು ಇದ್ರ ಡಾಕ್ಟ್ರನ್ನ ಕೇಳ್ದೇ ಬ್ಯಾಡ. ಉಳದೋರಿಗೆ ಬೀಡಿಗಿಂತ ಎಷ್ಟೋ ಪಾಲು ಸುರಕ್ಷಿತ. ಪಟ್ಟಿ ಹಚ್ಚಿದಾಗ ತಪ್ಪಿ ಒಂದು ಬೀಡಿ ಸೇದಿದ್ರ ಹಾರ್ಟ್ ನಿಲ್ತೈತಿ ಅನ್ನೋದೂ ಸುಳ್ಳು, ಪಟ್ಟಿ ಕೀಳಬ್ಯಾಡ್ರಿ, ಮರುದಿನ ಮುಂದುವರಿಸ್ರಿ.

ಬೀಡಿ ಬಿಡಿಸೋಕೆ ನುಂಗೋ ಗುಳಿಗಿಗಳು ಎರಡು, ಚೀಟಿ ಬೇಕು. ಬುಪ್ರೋಪಿಯಾನ್ ಫಿಟ್ಸ್ ಇದ್ದೋರಿಗೆ, ತಲಿಗೆ ದೊಡ್ಡ ಪೆಟ್ಟು ಬಿದ್ದೋರಿಗೆ ಕೊಡಂಗಿಲ್ಲ, ವಯಸ್ಸಾದವ್ರಿಗೆ ಕಮ್ಮಿ ಡೋಸು, ಬಾಯಿ ಒಣಗ್ತೈತಿ. ವೆರೆನಿಕ್ಲಿನ್ ಬಿಡೋ ದಿನಕ್ಕ ಒಂದು ವಾರ ಮುಂಚೆ ಶುರು ಮಾಡಿ 12 ವಾರ, ಹೊಟ್ಟಿ ತೊಳಸ್ತೈತಿ, ಅದಕ್ಕ ಊಟದ ಮ್ಯಾಲೆ. ಇದರಿಂದ ಮನಸ್ಸು ಕೆಡ್ತೈತಿ ಅನ್ನೋ ಅಂಜಿಕಿ ಮೊದ್ಲು ಇತ್ತು, 2016ರಾಗ ಸುಮಾರು 8,000 ಮಂದಿ ಮ್ಯಾಲೆ ನಡದ ದೊಡ್ಡ ಅಧ್ಯಯನದಾಗ ಅಂಥದ್ದೇನೂ ಗಮನಾರ್ಹ ಹೆಚ್ಚಳ ಕಾಣ್ಲಿಲ್ಲ. ಮಾವನೋರಿಗೆ ಶುಗರ್ ಐತಿ, ಕಿಡ್ನಿ ಹ್ಯಾಂಗ ಕೆಲಸ ಮಾಡ್ತೈತಿ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿನೇ ಡೋಸು ಹೇಳ್ಬೇಕು.

ಚಹಾದಾಗಿನ ಪುಡಿ ತರಿಸಬ್ಯಾಡ್ರಿ. ಒಳಗ ಏನೈತಿ ಅಂತ ಮಾರೋನಿಗೂ ಗೊತ್ತಿರಂಗಿಲ್ಲ, ಶುಗರ್ ಗುಳಿಗಿ, ದಮ್ಮಿನ ಗುಳಿಗಿ ತಗೊಳ್ಳೋ ಹಿರೇರಿಗೆ ಅದನ್ನ ಕದ್ದು ಕುಡಿಸೋದು ದೊಡ್ಡ ಅಪಾಯ. ಗೊತ್ತಾದ ದಿನ ನಿಮ್ಮ ಕೈಯಾಗಿನ ಚಹಾನೂ ಅವರು ನಂಬಂಗಿಲ್ಲ. ಬೀಡಿ ಬದ್ಲಿಗೆ ಗುಟ್ಕಾ, ಕಡ್ಡಿಪುಡಿ, ನಶ್ಯಾ ಅಂತನೂ ಬ್ಯಾಡ, ಚಟ ಅದೇ, ಬಾಯಿ ಕ್ಯಾನ್ಸರ್ ಮ್ಯಾಲಿಂದು. ತಂಬಾಕು ಇಲ್ದಿದ್ರೂ ಬರೇ ಅಡಿಕಿನೇ ಕ್ಯಾನ್ಸರ್ ತರ್ತೈತಿ. ಬಾಯಿಗೆ ಬಡೇಸೋಪು, ಲವಂಗ, ಏಲಕ್ಕಿ ಇಡ್ರಿ. ಬೀಡಿ ಬೇಕು ಅನ್ನೋ ಆ ಜೋರು ಆಸಿ ಒಮ್ಮಿಗೆ ಮೂರು ನಾಕು ನಿಮಿಷದ್ದು ಇರ್ತೈತಿ, ಅಷ್ಟೊತ್ತು ಕೈಗೆ ಬಾಯಿಗೆ ಏನರ ಕೆಲಸ ಇದ್ರ ದಾಟ್ತೈತಿ.

ಈ ಎಲ್ಲಾದಕ್ಕಿಂತ ಹೆಚ್ಚು ನನ್ನ ಮನಸ್ಸಿನ್ಯಾಗ ಉಳದದ್ದು ರಾತ್ರಿ ಮೂರು ಗಂಟೆ. ಸಂಗಾತಿ ಹೋದ ಮ್ಯಾಲೆ ಗಂಡಸ್ರು ಅಳಂಗಿಲ್ಲ, ಎದ್ದು ಕುಂದ್ರತಾರ. ಬೆಳಗಿನ ಜಾವಕ್ಕ ಎಚ್ಚರ ಆಗಿ ಮತ್ತ ನಿದ್ದಿ ಬರದೇ ಇರೋದು, ಊಟ ಸೇರದೇ ಇರೋದು, ಮಾತ ಮಾತಿಗೆ ಸಿಟ್ಟು, ಇದು ವಯಸ್ಸಾದವ್ರ ಖಿನ್ನತೆ ಇರಬಹುದು, ಅದಕ್ಕ ಚಲೋ ಔಷಧಿ ಐತಿ. ಆ ನಾಕು ದಿನದಾಗ ಅತ್ತರಲ್ಲ, ಅದು ಬರೇ ಬೀಡಿಗೆ ಅತ್ತದ್ದು ಅಂತ ನನಗ ಅನ್ಸಂಗಿಲ್ಲ. ಬೀಡಿ ಬಿಡಿಸೋ ಮಾತು ಒಂದು ವಾರ ಬದಿಗಿಟ್ಟು, ಊಟ ಆದ ಮ್ಯಾಲೆ ನಿಮ್ಮ ಮನಿಯವ್ರು ಅಪ್ಪನ ಪಕ್ಕ ಕಟ್ಟಿ ಮ್ಯಾಲೆ ಹತ್ತು ನಿಮಿಷ ಕುಂದ್ರಲಿ, ಅವ್ವನ ಮಾತು ತಗೀಲಿ, ಬಚ್ಚಲದಾಗ ಕಟ್ಟು ಹಾಕಿದ್ದು ತಪ್ಪಾತು ಅಂತ ಒಂದು ಮಾತು ಅನ್ಲಿ. ಮೊಮ್ಮಗನ್ನ ಅಂಗಡಿಗೆ ಕಳಿಸೋದು ಮಾತ್ರ ಇವತ್ತಿಂದನೇ ನಿಲ್ಲಲಿ, ಮಕ್ಕಳಿಗೆ ತಂಬಾಕು ಮಾರೋದು 2003ರ ಕಾಯ್ದೆ ಪ್ರಕಾರನೇ ತಪ್ಪು, ನಮ್ಮ ರಾಜ್ಯದಾಗ ಈಗ ಆ ವಯಸ್ಸನ್ನ 21ಕ್ಕ ಏರಿಸ್ಯಾರ, ಅಂಗಡಿಯವಂಗೆ ಹೇಳ್ರಿ. ಇದನ್ನ ತಾತಗೂ ಬೈಯದೇ ಹೇಳಿದ್ರ ಕೇಳ್ತಾರ, ಮೊಮ್ಮಗ ಅಂದ್ರ ಜೀವ ಇರೋ ಹಿರೇರು ಬಹಳ ಮಂದಿ ಆ ಒಂದು ಮಾತಿಗೇ ಬೀಡಿ ಬಿಟ್ಟದ್ದು ನಾನು ನೋಡೀನಿ. ಒಳಗ ಹತ್ತಿ ಕಟ್ಟಿಗಿ ಒಲಿ ಹಚ್ತಿದ್ರ ಆ ಹೊಗಿನೂ ಅವರ ಎದಿಗೆ ಬೀಡಿಯಂಗೇ, ಅವರು ಮಲಗೋ ಕ್ವಾಣಿಗೆ ಅದು ಬರದಂಗ ನೋಡ್ಕೋರಿ.

ಬೀಡಿ ಕಟ್ಟಿನ ಮ್ಯಾಲೇ 1800-11-2356 ಅಂತ ನಂಬರ್ ಅಚ್ಚು ಹಾಕಿರ್ತಾರ, ಪುಕ್ಕಟ, ನಮ್ಮ ಕಡಿ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸಿನಿಂದ ಮಾತಾಡ್ತಾರ, ಕನ್ನಡದಾಗೇ. ರಾಯಚೂರಿನ ರಿಮ್ಸ್‌ನಂಥ ಸರ್ಕಾರಿ ದೊಡ್ಡ ದವಾಖಾನಿಗೆ ಹೋದ್ರ ತಂಬಾಕು ಬಿಡಿಸೋ ವಿಭಾಗ ಎಲ್ಲೈತಿ ಅಂತ ಕೇಳ್ರಿ, ಕೊಪ್ಪಳ ಬಳ್ಳಾರಿ ಕಡಿಯವ್ರೂ ಜಿಲ್ಲಾ ಆಸ್ಪತ್ರ್ಯಾಗ ಕೇಳಬಹುದು. ಬರುವಾಗ ಹಳಿ ಎಕ್ಸ್-ರೇ, ಪಂಪು, ಎಲ್ಲಾ ಗುಳಿಗಿ ಖಾಲಿ ಪಾಕೀಟು ಸಮೇತ ಒಂದು ಚೀಲದಾಗ ಹಾಕ್ಕೊಂಡು ಬರ್ರಿ. ಪಂಪು ಹ್ಯಾಂಗ ಎಳೀತಾರ ಅಂತ ಡಾಕ್ಟ್ರ ಮುಂದೇ ಒಮ್ಮೆ ಎಳದು ತೋರಿಸ್ಲಿ, ತಪ್ಪಾಗಿ ತಗೊಳ್ಳೋರೇ ಹೆಚ್ಚು. ಫ್ಲೂ ಲಸಿಕಿ, ನ್ಯುಮೋನಿಯಾ ಲಸಿಕಿ ಹಾಕ್ಸೀರೇನು ಅಂತನೂ ಕೇಳ್ರಿ. ಹಲ್ಲಿನ ಸೆಟ್ಟು ಹಾಕ್ಕೊಂಡೇ ಬರ್ಲಿ, ಮಾತು ಸ್ಪಷ್ಟ ಬರ್ತೈತಿ. ಒಳಗ ಕರದಾಗ ನೀವೂ ನಿಮ್ಮ ಮನಿಯವ್ರೂ ಒಂದೈದು ನಿಮಿಷ ಹೊರಗ ಕುಂದ್ರಿ, ಮೊದ್ಲು ಅವರೇ ಮಾತಾಡ್ಲಿ.